ಲಕ್ಷಾಂತರ ಜನ ಬೀದಿಗಿಳಿದರೂ ಯುದ್ಧ ನಿಲ್ಲಲಿಲ್ಲವಲ್ಲ, ಉಪಯೋಗವೇನು?

ಪ್ರಶ್ನೆ: ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ವಿಯೆಟ್ನಾಂ ಪಾಠ ಮಾಡುವಾಗ, ಜನರ ಪ್ರತಿಭಟನೆಗೆ ಮಣಿದು ಅಮೆರಿಕ ಹಿಂದೆ ಸರಿಯಿತು ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತ. "ಮೇಡಂ, 2003ರಲ್ಲಿ ಇರಾಕ್ ಯುದ್ಧ ಬೇಡ ಅಂತ ಅದಕ್ಕಿಂತ ಜಾಸ್ತಿ ಜನ ಬೀದಿಗೆ ಬಂದ್ರು. ಯುದ್ಧ ನಿಂತಿತಾ? ವಿಯೆಟ್ನಾಂನಲ್ಲಿ ಅಮೆರಿಕ ಸೋತಿತು, ಹೋಯಿತು. ಶಾಂತಿಯುತ ಮೆರವಣಿಗೆ ಅಂದ್ರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ" ಎಂದ. ಇನ್ನೊಬ್ಬಳು "ನಾಲ್ಕು ಬಸ್ ಸುಟ್ಟಿದ್ರೆ ಕೇಳ್ತಿದ್ರು" ಎಂದಳು. ನನಗೆ ಉತ್ತರ ತೋಚಲಿಲ್ಲ. ಇವರಿಗೆ ಏನು ಹೇಳಲಿ? ಇನ್ನೊಂದು ವಿಷಯ: ಈ ಮೆರವಣಿಗೆಗಳ ಜನಸಂಖ್ಯೆ ಒಂದೊಂದು ಪುಸ್ತಕದಲ್ಲಿ ಒಂದೊಂದು ರೀತಿ ಇದೆ. ಯಾವುದನ್ನು ನಂಬುವುದು?
— ಉಪನ್ಯಾಸಕಿ, ಹಾಸನ

ಉತ್ತರ: ಮೇಡಂ, ನಿಮ್ಮ ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಮೊದಲು ಅದನ್ನು ತರಗತಿಯಲ್ಲಿ ಒಪ್ಪಿಕೊಂಡುಬಿಡಿ. ವಿಯೆಟ್ನಾಂ ಯುದ್ಧದ ದಿಕ್ಕು ಬದಲಿಸಿದವರು ಮೊದಲಿಗೆ ವಿಯೆಟ್ನಾಮಿನವರೇ. 1968ರ ಜನವರಿ ಕೊನೆಯಲ್ಲಿ, ಅವರ ಹೊಸ ವರ್ಷದ ಹಬ್ಬ ಟೆಟ್ ಹೊತ್ತಿಗೆ, ಉತ್ತರ ವಿಯೆಟ್ನಾಂ ಮತ್ತು ಅದರ ಜತೆಗಿದ್ದ ಕಮ್ಯುನಿಸ್ಟ್ ಹೋರಾಟಗಾರರು, ಅಮೆರಿಕ ಬೆಂಬಲಿಸುತ್ತಿದ್ದ ದಕ್ಷಿಣ ವಿಯೆಟ್ನಾಂನ ನೂರಕ್ಕೂ ಹೆಚ್ಚು ಊರುಗಳ ಮೇಲೆ ಒಟ್ಟೊಟ್ಟಿಗೆ ದಾಳಿ ಮಾಡಿದರು. ಸೈಗಾನ್‌ನಲ್ಲಿದ್ದ ಅಮೆರಿಕದ ರಾಯಭಾರ ಕಚೇರಿಯ ಆವರಣಕ್ಕೇ ನುಗ್ಗಿದರು. ಆ ದಾಳಿಯನ್ನು ಅಮೆರಿಕ ಹಿಮ್ಮೆಟ್ಟಿಸಿತು, ನಿಜ. ಆದರೆ "ಇನ್ನೇನು ಗೆದ್ದೇಬಿಟ್ಟೆವು" ಎಂದು ಅಲ್ಲಿಯವರೆಗೆ ಹೇಳುತ್ತಾ ಬಂದಿದ್ದ ಸರ್ಕಾರದ ಮಾತನ್ನು ಆಮೇಲೆ ಅವರ ಜನರೇ ನಂಬಲಿಲ್ಲ. ಮಾರ್ಚ್ 31ಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ ಟೀವಿಯಲ್ಲಿ ಬಂದು, ನಾನು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದರು.

ಹುಡುಗ ಎಡವಿರುವುದು ಉಳಿದರ್ಧದಲ್ಲಿ. ಯುದ್ಧ ನಿಂತಿತಾ, ಇಲ್ಲವಾ ಎಂದು ಅವನು ಕೇಳುತ್ತಿದ್ದಾನೆ. ಪ್ರತಿಭಟನೆಯ ಫಲ ಬಹಳ ಸಲ ಆ ಪ್ರಶ್ನೆಗೆ ಸಿಗುವುದಿಲ್ಲ. ಕೇಳಬೇಕಾದ್ದು ಇದು: ಆ ಹೊತ್ತಿಗೆ ಸರ್ಕಾರ ಏನು ಮಾಡಲು ಹೊರಟಿತ್ತು, ಕೊನೆಗೆ ಅದರಲ್ಲಿ ಏನನ್ನು ಮಾಡದೆ ಬಿಟ್ಟಿತು? ಮಾಡದೆ ಬಿಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮರುದಿನದ ಪತ್ರಿಕೆಯಲ್ಲೂ ಬರುವುದಿಲ್ಲ. ಹತ್ತಿಪ್ಪತ್ತು ವರ್ಷ ಕಳೆದು ಕಡತಗಳು ಹೊರಬಂದಾಗ ಗೊತ್ತಾಗುತ್ತದೆ.

ಇದಕ್ಕೆ 1969ರ ಅಕ್ಟೋಬರ್ 15ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಶಾಂತಿ ತರುತ್ತೇನೆ ಎಂದು ಹೇಳಿ ಗೆದ್ದ ರಿಚರ್ಡ್ ನಿಕ್ಸನ್ ಅಧಿಕಾರಕ್ಕೆ ಬಂದು ಒಂಬತ್ತು ತಿಂಗಳಾಗಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರು ಸುಮಾರು 5 ಲಕ್ಷ 43 ಸಾವಿರ. ಇಡೀ ಯುದ್ಧದಲ್ಲಿ ಅದೇ ಗರಿಷ್ಠ. ಜೂನ್‌ನಲ್ಲಿ ಲೈಫ್ ಪತ್ರಿಕೆ ಒಂದು ಕೆಲಸ ಮಾಡಿತು. ಒಂದೇ ವಾರದಲ್ಲಿ ಸತ್ತ 242 ಸೈನಿಕರ ಹೆಸರು ಕೊಟ್ಟು, ಸಿಕ್ಕಷ್ಟು ಜನರ ಫೋಟೋಗಳನ್ನು ಪುಟಗಟ್ಟಲೆ ಸಾಲಾಗಿ ಅಚ್ಚು ಹಾಕಿತು. ಟೀಕೆ ಇಲ್ಲ, ಟಿಪ್ಪಣಿ ಇಲ್ಲದ ಹಾಗೆ. ಮುಖ, ಹೆಸರು, ವಯಸ್ಸು, ಊರು, ಅಷ್ಟೇ. ಹೆಚ್ಚಿನವು ಹೈಸ್ಕೂಲು ಮುಗಿಸಿದಾಗ ತೆಗೆಸಿದಂಥ ಫೋಟೋಗಳು. ಓದಿದವರಿಗೆ ಊಟ ಸೇರಲಿಲ್ಲ ಎನ್ನುವುದನ್ನು ನಾನು ಬೇರೆ ಹೇಳಬೇಕಿಲ್ಲ.

ಬಾಸ್ಟನ್ ಕಡೆಯ ಜೆರೋಮ್ ಗ್ರಾಸ್‌ಮನ್ ಎಂಬ ಲಕೋಟೆ ಕಾರ್ಖಾನೆ ನಡೆಸುತ್ತಿದ್ದ ಉದ್ಯಮಿ ಒಂದು ಸಲಹೆ ಕೊಟ್ಟರು. ಅಕ್ಟೋಬರ್ ಹೊತ್ತಿಗೂ ಯುದ್ಧ ಮುಗಿಯದಿದ್ದರೆ ಇಡೀ ದೇಶ ಒಂದು ದಿನ ಕೆಲಸ ನಿಲ್ಲಿಸಲಿ ಎಂದು. ಇದನ್ನು ಕೈಗೆತ್ತಿಕೊಂಡವರು ಸ್ಯಾಮ್ ಬ್ರೌನ್, ಡೇವಿಡ್ ಹಾಕ್ ಮತ್ತಿತರರು. ಎಲ್ಲರೂ ಇಪ್ಪತ್ತು, ಇಪ್ಪತ್ತೈದರ ಆಸುಪಾಸಿನವರು. ಮುಷ್ಕರ ಅಂದರೆ ಮೇಷ್ಟ್ರು, ಗುಮಾಸ್ತ, ಗೃಹಿಣಿ ಯಾರೂ ಹತ್ತಿರ ಸುಳಿಯುವುದಿಲ್ಲ ಅಂತ ಅವರಿಗೆ ಹೊಳೆಯಿತು. ಹಾಗಾಗಿ ಆ ಪದವನ್ನೇ ಕೈಬಿಟ್ಟರು. ವಾಷಿಂಗ್ಟನ್‌ಗೆ ಬನ್ನಿ ಎಂದೂ ಕರೆಯಲಿಲ್ಲ. ನಿಮ್ಮ ನಿಮ್ಮ ಊರಲ್ಲೇ ಇರಿ, ಆ ದಿನ ನಿಮ್ಮ ದಿನನಿತ್ಯದ ಕೆಲಸ ಬದಿಗಿಟ್ಟು ಯುದ್ಧದ ಬಗ್ಗೆ ಏನಾದರೂ ಮಾಡಿ ಎಂದರು. ಅಕ್ಟೋಬರ್‌ನಲ್ಲಿ ಒಂದು ದಿನ, ನವೆಂಬರ್‌ನಲ್ಲಿ ಎರಡು ದಿನ, ಡಿಸೆಂಬರ್‌ನಲ್ಲಿ ಮೂರು ದಿನ. ಹೀಗೆ ಏರುತ್ತಾ ಹೋಗುವುದು ಲೆಕ್ಕಾಚಾರ.

ಹೆಸರು ವಿಯೆಟ್ನಾಂ ಮೊರಟೋರಿಯಂ, ಅಂದರೆ ಕೆಲಸಕ್ಕೆ ಸ್ವಲ್ಪ ಹೊತ್ತಿನ ತಡೆ. ಆ ಬುಧವಾರ ಏನೇನಾಯಿತು ನೋಡಿ. ಬಾಸ್ಟನ್ನಿನ ಮೈದಾನದಲ್ಲಿ ಸುಮಾರು ಒಂದು ಲಕ್ಷ ಜನ ಸೇರಿದರು. ನ್ಯೂಯಾರ್ಕ್‌ನ ಮೇಯರ್ ಜಾನ್ ಲಿಂಡ್ಸೆ ನಗರ ಸಭಾಭವನಕ್ಕೆ ಕಪ್ಪು ಬಟ್ಟೆ ಹೊದಿಸಿದರು. ವಾಲ್ ಸ್ಟ್ರೀಟ್ ತುದಿಯ ಟ್ರಿನಿಟಿ ಚರ್ಚಿನಲ್ಲಿ ಸೂಟುಬೂಟಿನ ಷೇರುಪೇಟೆ ಮಂದಿ ಸರದಿಯ ಮೇಲೆ ಸತ್ತವರ ಹೆಸರು ಓದಿದರು. ಸಣ್ಣ ಊರುಗಳಲ್ಲಿ ಚರ್ಚಿನ ಗಂಟೆ ಹೊಡೆದವು, ಹೆಂಗಸರು ಅಂಗಡಿ ಸಾಲಿನಲ್ಲಿ ನಿಂತು ಕರಪತ್ರ ಹಂಚಿದರು. ರಾತ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಮೇಣದ ಬತ್ತಿ ಹಿಡಿದು ಸಾವಿರಾರು ಜನರ ಜತೆ ಶ್ವೇತಭವನದತ್ತ ನಡೆದರು. ವಿಯೆಟ್ನಾಂನಲ್ಲೇ ಇದ್ದ ಕೆಲವು ಸೈನಿಕರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಗಸ್ತಿಗೆ ಹೋದರು. ಒಟ್ಟು 20 ಲಕ್ಷ ಜನ ಭಾಗವಹಿಸಿದರು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು.

ಒಂದು ತಮಾಷೆಯ ಪ್ರಸಂಗವೂ ಇದೆ. ಅದೇ ದಿನ ನ್ಯೂಯಾರ್ಕ್‌ನ ಶೇ ಕ್ರೀಡಾಂಗಣದಲ್ಲಿ ಬೇಸ್‌ಬಾಲ್ ಫೈನಲ್ ಸರಣಿಯ ನಾಲ್ಕನೇ ಪಂದ್ಯ. ಧ್ವಜವನ್ನು ಅರ್ಧಕ್ಕೆ ಇಳಿಸಿ ಎಂದು ಮೇಯರ್ ಹೇಳಿದರು. ಆಗಲ್ಲ, ಪೂರ್ತಿ ಏರಿಸಿ ಎಂದು ಬೇಸ್‌ಬಾಲ್ ಆಯುಕ್ತರು. ಕೊನೆಗೆ ಧ್ವಜ ಪೂರ್ತಿ ಏರಿತು. ಇನ್ನು ಯುದ್ಧದ ಪರ ಇದ್ದವರು ಹಾಡುಹಗಲಲ್ಲಿ ಕಾರಿನ ಹೆಡ್‌ಲೈಟ್ ಹಾಕಿಕೊಂಡು ಓಡಾಡಿದರು. ಅದು ಅವರ ಪ್ರತಿಭಟನೆ. ದೇಶ ಎರಡು ಹೋಳಾಗಿತ್ತು ಎನ್ನುವುದನ್ನು ಮರೆಯಬೇಡಿ. ಎಲ್ಲರೂ ಯುದ್ಧ ಬೇಡ ಎನ್ನುತ್ತಿದ್ದರು ಎಂದು ಪಾಠ ಮಾಡಿದರೆ ಅದೂ ತಪ್ಪೇ.

ಈಗ ಶ್ವೇತಭವನದ ಒಳಗೆ ಬನ್ನಿ. ಸೆಪ್ಟೆಂಬರ್ 26ರಂದು ಪತ್ರಕರ್ತರು ಈ ಪ್ರತಿಭಟನೆ ಬಗ್ಗೆ ಕೇಳಿದಾಗ ನಿಕ್ಸನ್, ಅದರಿಂದ ನನ್ನ ಮೇಲೆ ಯಾವ ಕಾರಣಕ್ಕೂ ಏನೂ ಪರಿಣಾಮ ಆಗುವುದಿಲ್ಲ ಎಂದಿದ್ದರು. ನಿಮ್ಮ ಹುಡುಗ ನಂಬಿರುವುದು ಇದನ್ನೇ. ಅಧಿಕಾರದಲ್ಲಿದ್ದವರು "ನಮಗೇನೂ ಆಗಿಲ್ಲ" ಎಂದರೆ ನಾವು ಸುಮ್ನೆ ನಂಬಿಬಿಡುತ್ತೇವೆ. ಬೇರೆ ಯಾವ ವಿಷಯದಲ್ಲೂ ಅವರ ಮಾತನ್ನು ಇಷ್ಟು ಸಲೀಸಾಗಿ ನಂಬುವುದಿಲ್ಲ, ಅಲ್ವಾ?

ಆಗ ಜನರಿಗೆ ಗೊತ್ತಿರದ ಸಂಗತಿ ಇದು. ನಿಕ್ಸನ್ ಆ ಬೇಸಿಗೆಯಲ್ಲೇ ಉತ್ತರ ವಿಯೆಟ್ನಾಂಗೆ ಗುಟ್ಟಾಗಿ ಗಡುವು ಕೊಟ್ಟಿದ್ದರು. ನವೆಂಬರ್ 1ರ ಒಳಗೆ ಮಾತುಕತೆಯಲ್ಲಿ ಮುಂದೆ ಬರದಿದ್ದರೆ ಭಾರೀ ಪೆಟ್ಟು ಬೀಳುತ್ತದೆ ಎಂದು. ಪೆಟ್ಟಿನ ಯೋಜನೆ ನಿಕ್ಸನ್‌ರ ರಾಷ್ಟ್ರೀಯ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್ ಕಚೇರಿಯಲ್ಲಿ ತಯಾರಾಗುತ್ತಿತ್ತು. ಡಕ್ ಹುಕ್ ಎಂಬುದು ಅದರ ಗುಪ್ತನಾಮ. ಉತ್ತರದ ಹೈಫಾಂಗ್ ಬಂದರಿನ ನೀರಿನಲ್ಲಿ ಹಡಗು ಸಿಡಿಸುವ ಮೈನ್ ಹಾಕುವುದು, ರಾಜಧಾನಿ ಹನೋಯ್ ಸುತ್ತ ದೊಡ್ಡ ಮಟ್ಟದ ಬಾಂಬ್ ದಾಳಿ, ನದಿಯ ಒಡ್ಡುಗಳನ್ನು ಒಡೆಯುವ ಚರ್ಚೆ. ಅಣ್ವಸ್ತ್ರದ ಪ್ರಸ್ತಾಪವೂ ಆ ಕಾಗದಗಳಲ್ಲಿ ಇದೆ. ಇಷ್ಟು ಸಾಲದು ಎಂಬಂತೆ, ಅಕ್ಟೋಬರ್ 13ರಿಂದ ತಿಂಗಳ ಕೊನೆಯವರೆಗೆ ಅಮೆರಿಕ ತನ್ನ ಅಣ್ವಸ್ತ್ರ ಪಡೆಗಳನ್ನು ಗುಟ್ಟಾಗಿ ಎಚ್ಚರದ ಸ್ಥಿತಿಯಲ್ಲಿ ಇಟ್ಟಿತ್ತು. ಉತ್ತರ ವಿಯೆಟ್ನಾಂಗೆ ಬೆನ್ನಾಗಿದ್ದ ರಷ್ಯಾದವರು ಹೆದರಿ ಹನೋಯ್ ಮೇಲೆ ಒತ್ತಡ ಹಾಕಲಿ ಎಂಬ ಆಸೆ. ಬಾಸ್ಟನ್ ಮೈದಾನದಲ್ಲಿ ಕೂತಿದ್ದ ಒಂದು ಲಕ್ಷ ಜನರಲ್ಲಿ ಒಬ್ಬರಿಗೂ ಇದರ ಸುಳಿವು ಇರಲಿಲ್ಲ.

ನವೆಂಬರ್ 1 ಬಂತು, ಹೋಯಿತು. ಹನೋಯ್ ಬಗ್ಗಲಿಲ್ಲ. ಪೆಟ್ಟೂ ಬೀಳಲಿಲ್ಲ.

ಯಾಕೆ? ನಿಕ್ಸನ್ ತಮ್ಮ ಆತ್ಮಕಥೆಯಲ್ಲಿ ಉತ್ತರ ಬರೆದಿದ್ದಾರೆ. ಈ ಪ್ರತಿಭಟನೆಗಳಾದ ಮೇಲೆ ಯುದ್ಧವನ್ನು ಜೋರು ಮಾಡಿದರೆ ದೇಶದ ಜನ ಒಡೆದುಹೋಗುತ್ತಾರೆ ಎಂದು ಅನಿಸಿತಂತೆ. ತಮ್ಮ ಗಡುವಿನ ಬೆಲೆಯನ್ನೇ ಪ್ರತಿಭಟನೆ ಕಳೆಯಿತು ಎಂದು ದೂರಿದ್ದಾರೆ. ಅವರ ವಾದದ ಪ್ರಕಾರ, 1969ರಲ್ಲೇ ಯುದ್ಧ ಮುಗಿಸುವ ಸಣ್ಣ ಅವಕಾಶ ಇದ್ದದ್ದು ಪ್ರತಿಭಟನೆಯಿಂದ ಹಾಳಾಯಿತು. ಅದನ್ನು ನಾವು ಒಪ್ಪಬೇಕಿಲ್ಲ. ಆದರೆ ಪರಿಣಾಮ ಆಯಿತು ಎಂದು ಒಪ್ಪಿಕೊಂಡವರು ಯಾರು ನೋಡಿ. ಪರಿಣಾಮ ಆಗಲ್ಲ ಎಂದಿದ್ದ ಅದೇ ಮನುಷ್ಯ. ಮುಂದಿನ ಭಾಷಣಕ್ಕೆ ಟಿಪ್ಪಣಿ ಮಾಡಿಕೊಳ್ಳುವಾಗ ಹಾಳೆಯ ತಲೆಯಲ್ಲಿ ತಮಗೆ ತಾವೇ ಬರೆದುಕೊಂಡಿದ್ದರು: ಗಾಬರಿಯಾಗಬೇಡ, ಅಲುಗಾಡಬೇಡ, ಪ್ರತಿಕ್ರಿಯೆ ಕೊಡಬೇಡ. ಏನೂ ಆಗದವರು ಹೀಗೆ ಬರೆದುಕೊಳ್ಳುತ್ತಾರಾ?

ಇಲ್ಲಿ ಒಂದು ಎಚ್ಚರ ಬೇಕು. ಡಕ್ ಹುಕ್ ನಿಂತದ್ದು ಬರೀ ಮೆರವಣಿಗೆಯಿಂದ ಎಂದರೆ ಅತಿಯಾಯಿತು. ರಕ್ಷಣಾ ಸಚಿವ ಮೆಲ್ವಿನ್ ಲೇರ್ಡ್, ವಿದೇಶಾಂಗ ಸಚಿವ ವಿಲಿಯಂ ರಾಜರ್ಸ್ ಇಬ್ಬರೂ ಒಳಗಿನಿಂದಲೇ ಬೇಡ ಎನ್ನುತ್ತಿದ್ದರು. ಆ ಯೋಜನೆಯಿಂದ ಸೈನಿಕವಾಗಿ ಏನು ಸಾಧಿಸುತ್ತೇವೆ ಎನ್ನುವುದೂ ಸ್ಪಷ್ಟವಿರಲಿಲ್ಲ. ಹೊರಗಿನ ಗದ್ದಲದ ಒಂದು ಮುಖ್ಯ ಉಪಯೋಗ ಇದು: ಒಳಗೆ "ಬೇಡ" ಎನ್ನುವವರ ದನಿಗೆ ಬಲ ಬರುತ್ತದೆ. ಒಳಗೆ ಅಂಥವರು ಒಬ್ಬರೂ ಇಲ್ಲದಿದ್ದರೆ ಹೊರಗಿನ ಗದ್ದಲ ಗೋಡೆಗೆ ತಾಗಿ ವಾಪಸ್ ಬರುತ್ತದೆ.

ನಿಕ್ಸನ್ ಸುಮ್ಮನೆ ಕೂರಲಿಲ್ಲ. ನವೆಂಬರ್ 3ರಂದು ಟೀವಿಯಲ್ಲಿ ಬಂದು, ಬೀದಿಗೆ ಬಾರದ "ಮೌನ ಬಹುಸಂಖ್ಯಾತರು" ನನ್ನ ಜತೆ ಇರಿ ಎಂದು ಬೇಡಿಕೊಂಡರು. ಅದು ಚೆನ್ನಾಗಿಯೇ ಕೆಲಸ ಮಾಡಿತು. ಸಮೀಕ್ಷೆಗಳಲ್ಲಿ ಅವರ ಜನಪ್ರಿಯತೆ ಏರಿತು. ಉಪಾಧ್ಯಕ್ಷ ಸ್ಪಿರೊ ಆಗ್ನ್ಯೂ ಅಂತೂ ಪ್ರತಿಭಟನೆಕಾರರ ಮೇಲೆ ನಾಲಿಗೆ ಹರಿಬಿಟ್ಟಿದ್ದರು. ಅದಕ್ಕೆ ನೆಪವೂ ಸಿಕ್ಕಿತ್ತು. ಮೊರಟೋರಿಯಂನ ಹಿಂದಿನ ದಿನ ಉತ್ತರ ವಿಯೆಟ್ನಾಂನ ಪ್ರಧಾನಿ ಫಾಮ್ ವಾನ್ ಡಾಂಗ್ ಅಮೆರಿಕದ ಪ್ರತಿಭಟನೆಕಾರರಿಗೆ ಶುಭ ಹಾರೈಸಿ ಬಹಿರಂಗ ಪತ್ರ ಬರೆದಿದ್ದರು. ಇಂಥ ಉಪಕಾರ ಯಾರಿಗೂ ಬೇಡ! ಶತ್ರು ಹೊಗಳಿದರೆ ಸಾಕು, ನೀವು ದೇಶದ್ರೋಹಿ.

ವಾಷಿಂಗ್ಟನ್‌ನಲ್ಲಿ ನಡೆದ ನವೆಂಬರ್ ಕಾರ್ಯಕ್ರಮದ ಒಂದು ಭಾಗವನ್ನು ನಿಮ್ಮ ತರಗತಿಯಲ್ಲಿ ತಪ್ಪದೆ ಹೇಳಿ. 13ನೇ ತಾರೀಖು ಗುರುವಾರ ಸಂಜೆ ಶುರುವಾದ "ಸಾವಿನ ವಿರುದ್ಧ ನಡಿಗೆ". ಆರ್ಲಿಂಗ್ಟನ್ ಸೈನಿಕ ಸ್ಮಶಾನದ ಬಳಿಯಿಂದ ಸೇತುವೆ ದಾಟಿ, ಶ್ವೇತಭವನದ ಮುಂದೆ ಹಾದು, ಸಂಸತ್ ಭವನದವರೆಗೆ. ಒಬ್ಬರ ಹಿಂದೆ ಒಬ್ಬರು, ಒಂದೇ ಸಾಲು. ಪ್ರತಿಯೊಬ್ಬರ ಕೊರಳಲ್ಲಿ ಒಂದು ಫಲಕ. ಅದರ ಮೇಲೆ ಸತ್ತ ಒಬ್ಬ ಸೈನಿಕನ ಹೆಸರು, ಇಲ್ಲವೇ ನೆಲಸಮವಾದ ಒಂದು ವಿಯೆಟ್ನಾಂ ಹಳ್ಳಿಯ ಹೆಸರು. ಕೈಯಲ್ಲಿ ಮೇಣದ ಬತ್ತಿ. ಶ್ವೇತಭವನದ ಎದುರು ಬಂದಾಗ ನಿಂತು ಆ ಒಂದು ಹೆಸರನ್ನು ಗಟ್ಟಿಯಾಗಿ ಕೂಗಿ ಮುಂದೆ ಹೋಗಬೇಕು. ಸಂಸತ್ತಿನ ಹತ್ತಿರ ಫಲಕವನ್ನು ಮರದ ಶವಪೆಟ್ಟಿಗೆಯೊಳಗೆ ಹಾಕಬೇಕು. ಸಾಲಿನ ಮುಂದೆ ಇದ್ದವಳು ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ 23 ವರ್ಷದ ಹೆಣ್ಣುಮಗಳು. ಚಳಿ, ಗಾಳಿ, ನಡುನಡುವೆ ಮಳೆ. ಎರಡು ರಾತ್ರಿ ಕಳೆದು ಶನಿವಾರ ಬೆಳಗಿನವರೆಗೂ ಸಾಲು ಮುಗಿಯಲಿಲ್ಲ. ನಲವತ್ತು ಸಾವಿರಕ್ಕೂ ಹೆಚ್ಚು ಜನ, ಅಷ್ಟೇ ಹೆಸರು.

ಇದರಲ್ಲಿ ಘೋಷಣೆ ಇಲ್ಲ, ಭಾಷಣ ಇಲ್ಲ. ಕಲ್ಲು ಹೊಡೆಯುವ ಪ್ರಶ್ನೆಯೇ ಇಲ್ಲ. ಬೈಯಬೇಕೆಂದರೂ ಸರ್ಕಾರಕ್ಕೆ ಬೈಯಲು ಏನೂ ಸಿಗದು. ನಿಕ್ಸನ್‌ರ ಆಪ್ತ ಎಚ್.ಆರ್. ಹಾಲ್ಡಮನ್ ಆ ದಿನಗಳ ಡೈರಿಯಲ್ಲಿ ಒಂದು ಸಂಗತಿ ದಾಖಲಿಸಿದ್ದಾರೆ. ಹೆಲಿಕಾಪ್ಟರ್ ಹಾರಿಸಿ ಅವರ ಮೇಣದ ಬತ್ತಿಗಳನ್ನು ಆರಿಸಿದರೆ ಹೇಗೆ ಎಂದು ಅಧ್ಯಕ್ಷರು ಐಡಿಯಾ ಕೊಟ್ಟರಂತೆ. ಅಣುಬಾಂಬ್ ಇಟ್ಟುಕೊಂಡವರಿಗೆ ಮೇಣದ ಬತ್ತಿಯ ಚಿಂತೆ. ಶನಿವಾರದ ಮುಖ್ಯ ಮೆರವಣಿಗೆಗೆ ಸುಮಾರು ಐದು ಲಕ್ಷ ಜನ ಬಂದರು. ತಾವು ಫುಟ್ಬಾಲ್ ನೋಡುತ್ತಿದ್ದೇವೆ ಎಂದು ಶ್ವೇತಭವನದಿಂದ ಸುದ್ದಿ ಹೊರಬಿಟ್ಟರು.

ಇಲ್ಲಿಗೆ ಬಸ್ ಸುಡುವ ಪ್ರಶ್ನೆಗೆ ಬರೋಣ. ಇದನ್ನು ಅಮೆರಿಕದಲ್ಲಿ ಪ್ರಯೋಗ ಮಾಡಿ ನೋಡಿದ್ದರು, ಅದೂ ಅದೇ ತಿಂಗಳು. ಮೊರಟೋರಿಯಂಗೆ ಒಂದು ವಾರ ಮೊದಲು, ಅಕ್ಟೋಬರ್ 8ರಿಂದ 11ರವರೆಗೆ, ವೆದರ್‌ಮನ್ ಎಂಬ ತೀವ್ರವಾದಿ ಗುಂಪು ಶಿಕಾಗೋದಲ್ಲಿ "ಆಕ್ರೋಶದ ದಿನಗಳು" ಎಂದು ಕರೆ ಕೊಟ್ಟಿತು. ಸಾವಿರಾರು ಯುವಕರು ಬರುತ್ತಾರೆ ಎಂದುಕೊಂಡಿದ್ದರು. ಬಂದವರು ಕೆಲವೇ ನೂರು ಜನ. ಹೆಲ್ಮೆಟ್ ಹಾಕಿಕೊಂಡು, ದೊಣ್ಣೆ ಹಿಡಿದು, ಅಂಗಡಿ ಗಾಜು, ಕಾರಿನ ಗಾಜು ಒಡೆದರು. ಪೊಲೀಸರು ಹಿಡಿದು ಒಳಗೆ ಹಾಕಿದರು. ಮುಗಿಯಿತು. ಒಂದೇ ದೇಶ, ಒಂದೇ ತಿಂಗಳು, ಒಂದೇ ಯುದ್ಧ. ಒಂದು ಕಡೆ ಕೆಲವು ನೂರು, ಇನ್ನೊಂದು ಕಡೆ 20 ಲಕ್ಷ. ದೊಣ್ಣೆ ಹಿಡಿದ ಕಡೆಗೆ ಅಜ್ಜಿ ಬರುವುದಿಲ್ಲ, ಮಗು ಎತ್ತಿಕೊಂಡ ತಾಯಿ ಬರುವುದಿಲ್ಲ, ನಾಳೆ ಆಫೀಸಿಗೆ ಹೋಗಬೇಕಾದ ಗುಮಾಸ್ತ ಬರುವುದಿಲ್ಲ. ಅಹಿಂಸೆ ಒಳ್ಳೆಯ ಗುಣವೋ ಅಲ್ಲವೋ ಎಂಬ ಚರ್ಚೆ ಒತ್ತಟ್ಟಿಗಿರಲಿ. ಬರೀ ತಲೆ ಎಣಿಸಿದರೂ ಅದೇ ಲಾಭ.

ಆದರೆ ಶಾಂತಿ ತಾನಾಗಿ ಇರುವುದಿಲ್ಲ, ಅದಕ್ಕೆ ಬೆವರು ಸುರಿಸಬೇಕು. ನವೆಂಬರ್ ಮೆರವಣಿಗೆಗೆ ಸಾವಿರಾರು ಸ್ವಯಂಸೇವಕರಿಗೆ ಮೊದಲೇ ತರಬೇತಿ ಕೊಟ್ಟಿದ್ದರು. ಯಾರಾದರೂ ಕೆಣಕಿದರೆ ಹೇಗೆ ನಡುವೆ ನಿಲ್ಲಬೇಕು, ಸಾಲು ಹೇಗೆ ಕಾಯಬೇಕು ಎಂದು. ಆ ಪಾಠ ಬಂದದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯಿಂದ. ಅವರಿಗೆ ಗಾಂಧಿಯಿಂದ. ಇಷ್ಟಾದರೂ ಅಂದು ಸಂಜೆ ಒಂದು ಸಣ್ಣ ಗುಂಪು ಬೇರೆಯಾಗಿ ನ್ಯಾಯ ಇಲಾಖೆಯ ಕಟ್ಟಡಕ್ಕೆ ಕಲ್ಲು ಹೊಡೆಯಿತು. ಅಶ್ರುವಾಯು ಸಿಡಿಯಿತು. ಐದು ಲಕ್ಷ ಜನರನ್ನು ಕಾಯುವುದು ಅಂದರೆ ಇದೇ ತಲೆನೋವು.

ಇನ್ನು ಕಹಿ ಭಾಗ. ಇಷ್ಟೆಲ್ಲ ಆದ ಮೇಲೂ ಯುದ್ಧ ಮೂರು ವರ್ಷ ನಡೆಯಿತು. 1970ರ ಏಪ್ರಿಲ್ 30ರಂದು ನಿಕ್ಸನ್ ಕಾಂಬೋಡಿಯಾಕ್ಕೆ ಸೇನೆ ನುಗ್ಗಿಸಿರುವುದಾಗಿ ಹೇಳಿದರು. ಮೇ 4ರಂದು ಒಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಪಡೆ 13 ಸೆಕೆಂಡಿನಲ್ಲಿ 67 ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದಿತು. ಹನ್ನೊಂದು ದಿನ ಕಳೆದು ಮಿಸಿಸಿಪ್ಪಿಯ ಜಾಕ್ಸನ್ ಸ್ಟೇಟ್ ಕಾಲೇಜಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಕಪ್ಪು ಯುವಕರು ಸತ್ತರು. ಆ ಎರಡನೆಯದನ್ನು ಪುಸ್ತಕಗಳು ಮರೆತೇಬಿಡುತ್ತವೆ. ನೀವು ಮರೆಯಬೇಡಿ. 1969ರಲ್ಲಿ ಮಾಡದೆ ಬಿಟ್ಟಿದ್ದ ಹೈಫಾಂಗ್ ಮೈನ್ ಕೆಲಸವನ್ನು ನಿಕ್ಸನ್ 1972ರ ಮೇನಲ್ಲಿ ಮಾಡಿಯೇಬಿಟ್ಟರು. ಅದೇ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಹನೋಯ್ ಮೇಲೆ ಬಿ-52 ಬಾಂಬರ್ ವಿಮಾನಗಳನ್ನೂ ಕಳಿಸಿದರು. ಅಂದರೆ ಪ್ರತಿಭಟನೆ ಆ ಪೆಟ್ಟನ್ನು ಅಳಿಸಿಹಾಕಲಿಲ್ಲ. ಮುಂದೆ ತಳ್ಳಿತು. ಎರಡೂವರೆ ವರ್ಷ ಮುಂದೆ ತಳ್ಳಿದ್ದು ಸಣ್ಣದಾ, ದೊಡ್ಡದಾ ಎನ್ನುವುದನ್ನು ಮಕ್ಕಳೇ ಚರ್ಚಿಸಲಿ.

ಒಂದು ಮಾತ್ರ ನಿಕ್ಸನ್ ಚೆನ್ನಾಗಿ ಅರ್ಥ ಮಾಡಿಕೊಂಡರು. ಈ ಯುದ್ಧ ಮನೆಮನೆಗೆ ತಟ್ಟುತ್ತಿದ್ದದ್ದು ಕಡ್ಡಾಯ ಸೇನಾ ಭರ್ತಿಯಿಂದ. ಹದಿನೆಂಟು, ಇಪ್ಪತ್ತರ ಹುಡುಗನ ಮನೆಗೆ ಸರ್ಕಾರದ ಕಾಗದ ಬರುತ್ತಿತ್ತು. 1969ರ ಡಿಸೆಂಬರ್ 1ರಂದು ಭರ್ತಿಗೆ ಹುಟ್ಟಿದ ದಿನಾಂಕದ ಮೇಲೆ ಚೀಟಿ ಎತ್ತುವ ಪದ್ಧತಿ ತಂದರು. ಚೀಟಿಯಲ್ಲಿ ಸರದಿ ದೂರ ಬಂದವರು ನಿಟ್ಟುಸಿರು ಬಿಟ್ಟರು. ಜತೆಜತೆಗೆ ಸೈನಿಕರನ್ನು ಕಂತುಕಂತಾಗಿ ವಾಪಸ್ ಕರೆಸಿದರು. 1972ರ ಕೊನೆಗೆ ಅಲ್ಲಿ ಉಳಿದದ್ದು ಸುಮಾರು 24 ಸಾವಿರ. 1973ರ ಜನವರಿಯಲ್ಲಿ ಯುದ್ಧ ನಿಲ್ಲಿಸುವ ಪ್ಯಾರಿಸ್ ಒಪ್ಪಂದ, ಆ ವರ್ಷವೇ ಕಡ್ಡಾಯ ಭರ್ತಿಗೂ ಮಂಗಳ. ಬೀದಿಯ ಒತ್ತಡ ಸಂಸತ್ತಿಗೂ ಮುಟ್ಟಿತ್ತು. ಅಧ್ಯಕ್ಷರು ಮನಸ್ಸು ಬಂದಂತೆ ಯುದ್ಧಕ್ಕೆ ಇಳಿಯದಂತೆ ತಡೆಯುವ ಕಾಯ್ದೆ ಬಂದದ್ದೂ 1973ರಲ್ಲೇ, ಅದೂ ನಿಕ್ಸನ್‌ರ ವೀಟೊ ಮೀರಿ.

ಈಗ ನಿಮ್ಮ ಹುಡುಗನ ಬ್ರಹ್ಮಾಸ್ತ್ರ: 2003.

ಫೆಬ್ರವರಿ 15, ಶನಿವಾರ. ಪ್ರಪಂಚದ ಸುಮಾರು 600 ಊರುಗಳಲ್ಲಿ ಒಂದೇ ದಿನ ಮೆರವಣಿಗೆ. ರೋಮ್, ಲಂಡನ್, ಮ್ಯಾಡ್ರಿಡ್, ಬಾರ್ಸಿಲೋನಾ ತುಂಬಿ ಹರಿದವು. ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರದಲ್ಲೂ ಒಂದಷ್ಟು ಜನ ಹಿಮದ ಮೇಲೆ ನಿಂತರು. ನ್ಯೂಯಾರ್ಕ್‌ನಲ್ಲಿ ನಡೆಯಲು ಅನುಮತಿ ಕೊಡಲಿಲ್ಲ, ನಿಂತಲ್ಲೇ ಸಭೆ ಮಾಡಿ ಎಂದರು. ಲಂಡನ್‌ನಲ್ಲಿ ಹೈಡ್ ಪಾರ್ಕಿನ ಹುಲ್ಲು ಹಾಳಾಗುತ್ತದೆ ಎಂಬ ಕಾರಣವೂ ಎದ್ದಿತ್ತು! ಬಾಂಬ್ ಹಾಕಬಹುದು, ಹುಲ್ಲು ತುಳಿಯಬಾರದು. ಮೂರು ದಿನ ಕಳೆದು ಅಮೆರಿಕದ ಆಗಿನ ಅಧ್ಯಕ್ಷ ಜಾರ್ಜ್ ಬುಷ್, ಪ್ರತಿಭಟನೆಯ ಗಾತ್ರ ನೋಡಿ ನೀತಿ ನಿರ್ಧರಿಸಲಾಗದು ಎಂದರು. ಮಾರ್ಚ್ 20ಕ್ಕೆ ಯುದ್ಧ ಶುರು.

ಯಾಕೆ ನಿಲ್ಲಲಿಲ್ಲ ಎಂದರೆ, ಬುಷ್‌ಗೆ ಅದು ಎಲ್ಲಿಯೂ ತಟ್ಟಲಿಲ್ಲ. ಕಡ್ಡಾಯ ಭರ್ತಿ ಇರಲಿಲ್ಲ. ಸಂಬಳಕ್ಕೆ ಸೇರಿದ ಸೈನಿಕರು. ಅಮೆರಿಕದ ಸಂಸತ್ತು ಹಿಂದಿನ ಅಕ್ಟೋಬರ್‌ನಲ್ಲೇ ಒಪ್ಪಿಗೆ ಕೊಟ್ಟಾಗಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ಸಿಟ್ಟು ಇನ್ನೂ ಆರಿರಲಿಲ್ಲ. ಮತ್ತೆ, 1969ರವರು ಮುಂದಿನ ತಿಂಗಳು ಎರಡು ದಿನ ಎಂದು ಮೊದಲೇ ಸಾರಿದ್ದರು. 2003ರಲ್ಲಿ ಬಹುತೇಕರು ಶನಿವಾರ ಬಂದರು, ಸೋಮವಾರ ಕೆಲಸಕ್ಕೆ ಹೋದರು. ಅವರದ್ದು ತಪ್ಪು ಎನ್ನುತ್ತಿಲ್ಲ. ಸರ್ಕಾರಗಳಿಗೆ ಸೋಮವಾರದವರೆಗೆ ಕಾದರೆ ಸಾಕಾಗಿತ್ತು.

ಆದರೆ ಎಲ್ಲ ಕಡೆಯೂ ಹಾಗಾಯಿತು ಎನ್ನಬೇಡಿ. ಟರ್ಕಿ ನೋಡಿ. ಉತ್ತರದಿಂದ ಇರಾಕ್‌ಗೆ ನುಗ್ಗಲು 62 ಸಾವಿರ ಅಮೆರಿಕನ್ ಸೈನಿಕರನ್ನು ಟರ್ಕಿಯಲ್ಲಿ ಇಳಿಸುವ ಪ್ರಸ್ತಾಪ ಮಾರ್ಚ್ 1ರಂದು ಅಲ್ಲಿನ ಸಂಸತ್ತಿಗೆ ಬಂತು. ಹೊರಗೆ ಅಂಕಾರಾದ ಬೀದಿಯಲ್ಲಿ ಹತ್ತಾರು ಸಾವಿರ ಜನ. ಒಳಗೆ ಪರವಾಗಿ 264, ವಿರುದ್ಧ 250, ತಟಸ್ಥ 19. ಪರವಾಗಿದ್ದವರೇ ಜಾಸ್ತಿ, ಆದರೂ ಹಾಜರಿದ್ದವರಲ್ಲಿ ಬಹುಮತಕ್ಕೆ ಮೂರು ಮತ ಕಡಿಮೆ. ಪ್ರಸ್ತಾಪ ಬಿದ್ದುಹೋಯಿತು. ಉತ್ತರದ ರಂಗಕ್ಕೆಂದು ಹಡಗಿನಲ್ಲಿ ಬಂದಿದ್ದ ಸಾಮಾನು ಸರಂಜಾಮು ಸುತ್ತಿಬಳಸಿ ಕುವೈತ್‌ಗೆ ಹೋಗಬೇಕಾಯಿತು.

ನಮ್ಮಲ್ಲೂ ಒಂದು ಕಥೆ ಇದೆ, ಅದು ಮಕ್ಕಳಿಗೆ ಇನ್ನೂ ಹತ್ತಿರ. ಆ ಏಪ್ರಿಲ್‌ನಲ್ಲಿ ಲೋಕಸಭೆ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತು. ಆಮೇಲೆ ಇರಾಕ್‌ಗೆ ಭಾರತದ ಸೇನೆಯ ಒಂದು ಡಿವಿಷನ್ ಕಳಿಸಿ ಎಂದು ಅಮೆರಿಕ ಕೇಳಿತು. ಸಂಪುಟದಲ್ಲಿ, ಪತ್ರಿಕೆಗಳಲ್ಲಿ ಕಳಿಸೋಣ ಎನ್ನುವವರೂ ಇದ್ದರು. ಪ್ರಧಾನಿ ವಾಜಪೇಯಿಯವರು ಎಡಪಕ್ಷದ ನಾಯಕರನ್ನು ಕರೆದು, "ನೀವು ವಿರೋಧ ಮಾಡ್ತಾ ಇದ್ದೀರಾ? ದನಿ ಸಾಕಷ್ಟು ಕೇಳಿಸ್ತಿಲ್ಲ" ಎಂಬರ್ಥದ ಮಾತು ಹೇಳಿದರಂತೆ. ಆ ನಾಯಕರೇ ಆಮೇಲೆ ಹೇಳಿಕೊಂಡದ್ದು ಇದು. ಜುಲೈ 14ರಂದು ಸೇನೆ ಕಳಿಸುವುದಿಲ್ಲ ಎಂದು ಸರ್ಕಾರ ಪ್ರಕಟಿಸಿತು. ಒಲ್ಲೆ ಎನ್ನಬೇಕೆಂದಿರುವ ನಾಯಕನಿಗೂ ಹೊರಗಿನ ಗದ್ದಲ ಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಫಲ ಬಂದದ್ದು ಹತ್ತು ವರ್ಷ ತಡವಾಗಿ. 2013ರ ಆಗಸ್ಟ್ 29ರಂದು ಸಿರಿಯಾ ಮೇಲೆ ದಾಳಿಗೆ ಒಪ್ಪಿಗೆ ಕೇಳಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿಗೆ ಹೋದರು. 285ಕ್ಕೆ 272 ಮತಗಳಿಂದ ಸೋತರು. ಅಂದಿನ ಚರ್ಚೆಯಲ್ಲಿ ಮತ್ತೆ ಮತ್ತೆ ಬಂದ ಹೆಸರು ಇರಾಕ್.

ಕೊನೆಗೆ ನಿಮ್ಮ ಲೆಕ್ಕದ ಪ್ರಶ್ನೆ. 2003ರ ಲಂಡನ್ ಮೆರವಣಿಗೆಗೆ ಪೊಲೀಸರು ಕೊಟ್ಟ ಸಂಖ್ಯೆ ಏಳೂವರೆ ಲಕ್ಷ, ಸಂಘಟಕರು ಹೇಳಿದ್ದು 20 ಲಕ್ಷ. ಎರಡಕ್ಕೂ ಅವರವರ ಕಾರಣ ಇರುತ್ತದೆ. ಇದನ್ನು ಒಂದು ಪದ್ಧತಿಗೆ ತಂದವರು ಅಮೆರಿಕದ ಬರ್ಕಲಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಮೇಷ್ಟ್ರು ಹರ್ಬರ್ಟ್ ಜೇಕಬ್ಸ್. 1960ರ ದಶಕದಲ್ಲಿ ವಿದ್ಯಾರ್ಥಿಗಳ ವಿಯೆಟ್ನಾಂ ಪ್ರತಿಭಟನೆ ಅವರ ಕಿಟಕಿಯ ಕೆಳಗೇ ನಡೆಯುತ್ತಿತ್ತು. ಆ ಅಂಗಳದ ನೆಲದಲ್ಲಿ ಕಾಂಕ್ರೀಟಿನ ಚೌಕಗಳಿದ್ದವು. ಒಂದು ಚೌಕದಲ್ಲಿ ಎಷ್ಟು ಜನ ಎಂದು ಎಣಿಸಿ ಉಳಿದದ್ದಕ್ಕೆ ಗುಣಿಸಿದರು. ಸಡಿಲವಾದ ಗುಂಪಿನಲ್ಲಿ ಒಬ್ಬರಿಗೆ ಸುಮಾರು 10 ಚದರಡಿ, ಒತ್ತೊತ್ತಾಗಿ ನಿಂತರೆ ನಾಲ್ಕೂವರೆ ಚದರಡಿ. ಈಗಲೂ ಈ ಲೆಕ್ಕವನ್ನೇ ಬಳಸುತ್ತಾರೆ.

ನಿಮ್ಮ ಮಕ್ಕಳಿಗೆ ಇದನ್ನು ಕೊಡಿ. ಒಂದು ಎಕರೆ ಎಂದರೆ 43,560 ಚದರಡಿ. ಸಡಿಲವಾಗಿ ನಿಂತರೆ ಎಕರೆಗೆ ಸುಮಾರು ನಾಲ್ಕು ಸಾವಿರದ ಮುನ್ನೂರೈವತ್ತು ಜನ, ಒತ್ತಾಗಿ ನಿಂತರೆ ಒಂಬತ್ತು ಸಾವಿರದ ಆರುನೂರು ಚಿಲ್ಲರೆ. ಹೈಡ್ ಪಾರ್ಕ್ ಸುಮಾರು 350 ಎಕರೆ, ಅದರೊಳಗೆ ಒಂದು ಕೆರೆಯೂ ಇದೆ, ಮರಗಳೂ ಇವೆ. ಜನ ಬರುತ್ತಾ ಹೋಗುತ್ತಾ ಇದ್ದರು, ಹಾದಿಯಲ್ಲೇ ಉಳಿದವರೂ ಇದ್ದರು. 20 ಲಕ್ಷ ಹಿಡಿಸುತ್ತದಾ, ಏಳೂವರೆ ಲಕ್ಷ ಕಡಿಮೆಯಾಯಿತಾ ಎಂದು ಅವರೇ ಹಾಕಿ ನೋಡಲಿ. ನಿಮ್ಮ ಕಾಲೇಜು ಮೈದಾನ ಅಳೆದರೆ ಇನ್ನೂ ಒಳ್ಳೆಯದು. 1969ರ ಅಕ್ಟೋಬರ್ 15ಕ್ಕೆ ಮಾತ್ರ ಈ ಸೂತ್ರ ಹಚ್ಚಲು ಹೋಗಬೇಡಿ. ಅವತ್ತಿನ ಜನ ಒಂದು ಮೈದಾನದಲ್ಲಿ ಇರಲಿಲ್ಲ. ತಮ್ಮ ತಮ್ಮ ಊರಿನ ಚರ್ಚು, ಶಾಲೆ, ಅಂಗಡಿ ಬಾಗಿಲಲ್ಲಿ ಇದ್ದರು. ಹಾಗಾಗಿ 20 ಲಕ್ಷ ಎಂಬುದನ್ನು "ಸುಮಾರು" ಎಂಬ ಮಾತು ಸೇರಿಸಿಯೇ ಬೋರ್ಡಿನ ಮೇಲೆ ಬರೆಯಿರಿ.